ಕೈತಪ್ಪಿದ ಕಿರೀಟ

ಸ್ಪರ್ಧೆಯಲ್ಲಿ ಗೆದ್ದವರ ಹೆಸರನ್ನು ಲೋಕವು ಬಂಗಾರದ ಅಕ್ಷರಗಳಲ್ಲಿ ಬರೆದಿಡುತ್ತದೆ. ಗೆಲುವಿನ ಹೊಸ್ತಿಲವರೆಗೆ ಬಂದು ಒಳಗೆ ಅಡಿಯಿಡಲಾರದೆ ಹಿಂದಿರುಗಿದವರ ಹೆಸರು ಬಹುಮಟ್ಟಿಗೆ ಮರೆತುಹೋಗುತ್ತದೆ. ಆದರೆ ಒಮ್ಮೊಮ್ಮೆ ಇದಕ್ಕೆ ವ್ಯತಿರಿಕ್ತವಾದ ಸಂಗತಿಯೂ ನಡೆಯುವುದುಂಟು. ಪಾರಿತೋಷಕ ದೊರೆಯದ ಕೃತಿಯೊಂದು ಜನಮನದಲ್ಲಿ ಬೇರೂರಿ, ತಲೆಮಾರು ಕಳೆದರೂ ಮಾಸದೆ ಉಳಿಯುತ್ತದೆ. ಭಾರತೀಯ ಚಲನಚಿತ್ರದ ಇತಿಹಾಸದಲ್ಲಿ ಅಂತಹ ಕೃತಿಗಳಲ್ಲಿ ಅಗ್ರಗಣ್ಯವಾದುದು ‘ಮದರ್ ಇಂಡಿಯಾ’. ಅದನ್ನು ನಿರ್ಮಿಸಿ ನಿರ್ದೇಶಿಸಿದವರು ಮೆಹಬೂಬ್ ಖಾನ್. ಕುದುರೆಲಾಯದಲ್ಲಿ ದುಡಿಯುತ್ತಿದ್ದ ಬಡ ಹುಡುಗನೊಬ್ಬನು ಜಗತ್ತಿನ ಶ್ರೇಷ್ಠ ಚಿತ್ರಕಾರರ ಸಾಲಿನಲ್ಲಿ ನಿಲ್ಲುವಂತಾದ ಅವರ ಜೀವನ, ಪಡೆದುದಕ್ಕಿಂತ ಹೆಚ್ಚಾಗಿ ಕೈತಪ್ಪಿದುದರ ಮೂಲಕವೇ ನಮಗೆ ಪಾಠ ಹೇಳುವಂತಹುದು.

ಗುಜರಾತಿನ ದಕ್ಷಿಣ ಭಾಗದಲ್ಲಿ ಬಿಲಿಮೋರಾ ಎಂಬ ಊರಿದೆ. ಅಂದಿನ ದಿನಗಳಲ್ಲಿ ಅದು ಬರೋಡಾ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ಬಡ ಕುಟುಂಬವೊಂದರಲ್ಲಿ 1907ನೆಯ ಇಸವಿ ಸೆಪ್ಟೆಂಬರ್ 9ರಂದು ಮೆಹಬೂಬ್ ಜನಿಸಿದರು. ಮನೆಯ ಬಡತನದಿಂದಾಗಿ ಅವರ ಶಾಲಾ ವಿದ್ಯಾಭ್ಯಾಸ ಹೆಚ್ಚು ದೂರ ಸಾಗಲಿಲ್ಲ. ಪುಸ್ತಕದ ವಿದ್ಯೆ ದಕ್ಕದಿದ್ದರೂ ಲೋಕವೆಂಬ ಪುಸ್ತಕ ಅವರ ಕಣ್ಣ ಮುಂದೆ ಸದಾ ತೆರೆದೇ ಇತ್ತು. ಮಳೆಗಾಗಿ ಮುಗಿಲಿನತ್ತ ನೋಡುವ ರೈತರು, ಬೆಳೆ ಕೈಗೆ ಬರುವ ಮೊದಲೇ ಬಾಗಿಲಿಗೆ ಬಂದು ನಿಲ್ಲುವ ಸಾಲಗಾರರು, ಹಗಲಿರುಳೂ ದುಡಿದು ಸಂಸಾರವನ್ನು ಹೊರುವ ತಾಯಂದಿರು — ಹಳ್ಳಿಗಾಡಿನ ಈ ಬದುಕು ಮುಂದೆ ಅವರ ಚಿತ್ರಗಳ ಜೀವಾಳವಾಯಿತು.

ಆ ಕಾಲದಲ್ಲಿ ಮುಂಬಯಿ ನಗರವು ಹಳ್ಳಿಗಾಡಿನ ಹುಡುಗರ ಕನಸಿನ ಊರಾಗಿತ್ತು. ಮೂಕಚಿತ್ರಗಳ ಯುಗ ಅದು. ಬಿಳಿಯ ಪರದೆಯ ಮೇಲೆ ಮನುಷ್ಯರು ಓಡಾಡುವುದನ್ನು ಕಂಡು ಬೆರಗಾಗಿದ್ದ ಬಾಲಕ ಮೆಹಬೂಬನಿಗೆ ನಟನಾಗಬೇಕೆಂಬ ಹಂಬಲ ಹುಟ್ಟಿತು. ಹದಿಹರೆಯದಲ್ಲಿಯೇ ಮನೆಬಿಟ್ಟು ಓಡಿಹೋದ ಮಗನನ್ನು ತಂದೆ ಹುಡುಕಿ ಹಿಂದಕ್ಕೆ ಕರೆತಂದರು. ಆದರೆ ಆ ಹಂಬಲ ಅಡಗಲಿಲ್ಲ. ಮುಂದೆ ಚಿತ್ರಗಳಿಗೆ ಕುದುರೆಗಳನ್ನು ಒದಗಿಸುತ್ತಿದ್ದವರೊಬ್ಬರ ಲಾಯದಲ್ಲಿ ಅವನಿಗೆ ಕೆಲಸ ದೊರೆಯಿತು. ಕುದುರೆಗಳ ಲಾಳಗಳನ್ನು ಸರಿಪಡಿಸುವುದೇ ಆ ಕೆಲಸ. ಚಿತ್ರರಂಗದ ಅರಮನೆಗೆ ಮೆಹಬೂಬ್ ಪ್ರವೇಶಿಸಿದುದು ಹೀಗೆ, ಹಿತ್ತಿಲ ಬಾಗಿಲಿನಿಂದ.

ಇಂಪೀರಿಯಲ್ ಫಿಲ್ಮ್ ಕಂಪನಿ ಆಗ ಮುಂಬಯಿಯ ಹೆಸರಾಂತ ಚಿತ್ರಸಂಸ್ಥೆ. ಅಲ್ಲಿ ಮೆಹಬೂಬರಿಗೆ ಜನಜಂಗುಳಿಯ ದೃಶ್ಯಗಳಲ್ಲಿ ನಿಲ್ಲುವ ಅವಕಾಶಗಳು ಸಿಕ್ಕತೊಡಗಿದವು. 1927ರಲ್ಲಿ ತಯಾರಾದ ಆಲಿಬಾಬನ ಕಥೆಯ ಮೂಕಚಿತ್ರದಲ್ಲಿ ನಲವತ್ತು ಮಂದಿ ಕಳ್ಳರ ಪೈಕಿ ಅವರೂ ಒಬ್ಬರಾಗಿದ್ದರು. ನಲವತ್ತರಲ್ಲಿ ಒಬ್ಬನನ್ನು ಪ್ರೇಕ್ಷಕರು ಗುರುತಿಸುವುದಾದರೂ ಹೇಗೆ? ಆದರೆ ಮೆಹಬೂಬ್ ಬೇಸರಪಡಲಿಲ್ಲ. ತಮ್ಮ ಪಾತ್ರ ಮುಗಿದ ಮೇಲೂ ಅಲ್ಲಿಯೇ ನಿಂತು, ಬೆಳಕನ್ನು ಹೇಗೆ ಹೊಂದಿಸುತ್ತಾರೆ, ಕ್ಯಾಮೆರಾವನ್ನು ಎಲ್ಲಿಡುತ್ತಾರೆ, ನಿರ್ದೇಶಕನು ನಟರಿಂದ ಭಾವವನ್ನು ಹೇಗೆ ಹೊರಡಿಸುತ್ತಾನೆ ಎಂಬುದನ್ನು ಕಣ್ಣಿಟ್ಟು ನೋಡುತ್ತಿದ್ದರು. ಇದೇ ಅವರ ವಿದ್ಯಾಶಾಲೆ. ಹದಿಮೂರು ವರ್ಷಗಳ ನಂತರ, 1940ರಲ್ಲಿ, ಅದೇ ಆಲಿಬಾಬನ ಕಥೆಯನ್ನು ಅವರೇ ನಿರ್ದೇಶಿಸಿದರೆಂಬುದು ಅವರ ಬೆಳವಣಿಗೆಗೆ ಸಾಕ್ಷಿ.

ಮೊದಲ ದೊಡ್ಡ ನಿರಾಸೆ ಅವರಿಗೆ ಎದುರಾದುದು ಈ ಅವಧಿಯಲ್ಲಿಯೇ. ಇಂಪೀರಿಯಲ್ ಸಂಸ್ಥೆಯ ಒಡೆಯರಾದ ಅರ್ದೇಶಿರ್ ಇರಾನಿಯವರು ಭಾರತದ ಮೊದಲ ವಾಕ್ಚಿತ್ರವಾದ ‘ಆಲಂ ಆರಾ’ವನ್ನು ತಯಾರಿಸಲು ಹೊರಟಿದ್ದರು. ಅದರ ನಾಯಕನ ಪಾತ್ರಕ್ಕೆ ಮೊದಲು ಮೆಹಬೂಬರ ಹೆಸರೇ ಗೊತ್ತಾಗಿತ್ತು. ಆದರೆ ಅಪಾರ ಹಣ ತೊಡಗಿಸಿ ಕೈಗೊಳ್ಳುವ ಹೊಸ ಸಾಹಸದಲ್ಲಿ ಹೆಸರಿಲ್ಲದ ನಟನನ್ನು ನಂಬುವುದು ಹೇಗೆ ಎಂಬ ಅಳುಕು ಉಂಟಾಯಿತು. ಕಡೆಯ ಗಳಿಗೆಯಲ್ಲಿ ಆ ಪಾತ್ರ ಅಂದಿನ ಜನಪ್ರಿಯ ನಟ ಮಾಸ್ಟರ್ ವಿಠಲರ ಪಾಲಾಯಿತು. 1931ನೆಯ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ‘ಆಲಂ ಆರಾ’ ತೆರೆಕಂಡಾಗ ಜನರ ನೂಕುನುಗ್ಗಲನ್ನು ತಡೆಯುವುದೇ ಕಷ್ಟವಾಯಿತು. ದೇಶದ ಮೊದಲ ವಾಕ್ಚಿತ್ರದ ನಾಯಕನೆಂಬ ಶಾಶ್ವತ ಕೀರ್ತಿ ಮೆಹಬೂಬರ ಕೈಗೆ ಬಂದಂತಾಗಿ ಜಾರಿಹೋಗಿತ್ತು.

ಇಂತಹ ಪೆಟ್ಟಿನಿಂದ ಎಷ್ಟೋ ಮಂದಿ ಮನಸ್ಸು ಮುರಿದು ಊರಿಗೆ ಮರಳುತ್ತಾರೆ. ಮೆಹಬೂಬ್ ಮರಳಲಿಲ್ಲ. ಸಾಗರ್ ಮೂವಿಟೋನ್ ಸಂಸ್ಥೆಯನ್ನು ಸೇರಿ ಸಣ್ಣಪುಟ್ಟ ಪಾತ್ರಗಳನ್ನು ಮಾಡುತ್ತ, ಜೊತೆಯಲ್ಲಿಯೇ ಕಥೆ ಹೆಣೆಯುವುದನ್ನೂ ಅಭ್ಯಾಸ ಮಾಡಿದರು. ನಟನಾಗುವ ದಾರಿ ಮುಚ್ಚಿದರೆ ನಿರ್ದೇಶಕನಾಗುವ ದಾರಿ ತೆರೆದಿರಬಹುದೆಂಬ ಆಸೆ ಅವರಲ್ಲಿ ಚಿಗುರಿತು. 1935ರಲ್ಲಿ ಅದೇ ಸಂಸ್ಥೆಗಾಗಿ ‘ಅಲ್ ಹಿಲಾಲ್’ ಎಂಬ ಚಿತ್ರವನ್ನು ಅವರು ನಿರ್ದೇಶಿಸಿದರು. ರೋಮನ್ನರಿಗೂ ಅರಬರಿಗೂ ನಡೆದ ಸಂಘರ್ಷದ ಕಥೆಯದು. ಚಿತ್ರ ಜನರ ಮೆಚ್ಚುಗೆ ಗಳಿಸಿತು. ನಲವತ್ತು ಕಳ್ಳರಲ್ಲಿ ಒಬ್ಬನಾಗಿದ್ದವನು ಈಗ ನೂರಾರು ಮಂದಿಯನ್ನು ನಡೆಸುವ ನಿರ್ದೇಶಕನಾಗಿದ್ದನು.

ಅನಂತರದ ವರ್ಷಗಳಲ್ಲಿ ಮೆಹಬೂಬರ ಚಿತ್ರಗಳು ಒಂದರ ಹಿಂದೆ ಒಂದರಂತೆ ಬಂದವು. ಅವುಗಳಲ್ಲಿ ಎರಡನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. 1940ರಲ್ಲಿ ತೆರೆಕಂಡ ‘ಔರತ್’ ಹಳ್ಳಿಯ ಬಡ ಹೆಣ್ಣೊಬ್ಬಳ ಬಾಳಿನ ಚಿತ್ರಣ. ಸಾಲಗಾರನ ಹಿಂಸೆ, ಗಂಡನ ಅಗಲಿಕೆ, ಹಸಿವು, ದಾರಿತಪ್ಪಿದ ಮಗ — ಇವೆಲ್ಲವನ್ನೂ ಎದುರಿಸಿ ನಿಲ್ಲುವ ಆ ತಾಯಿಯ ಪಾತ್ರವನ್ನು ಸರ್ದಾರ್ ಅಖ್ತರ್ ವಹಿಸಿದ್ದರು. ಮುಂದೆ ಅವರು ಮೆಹಬೂಬರ ಬಾಳಸಂಗಾತಿಯೂ ಆದರು. 1942ರಲ್ಲಿ ಬಂದ ‘ರೋಟಿ’ ಧನದಾಹವನ್ನು ಖಂಡಿಸಿದ ಚಿತ್ರ. ಚಿನ್ನದ ರಾಶಿಯಿದ್ದರೂ ಮನುಷ್ಯನಿಗೆ ಬೇಕಾಗುವುದು ತುತ್ತು ಅನ್ನವೆಂಬ ಸರಳ ಸತ್ಯವನ್ನು ಅದು ಸಾರಿತು.

ಇದೇ ಸುಮಾರಿಗೆ ಮೆಹಬೂಬರು ತಮ್ಮದೇ ಆದ ಚಿತ್ರಸಂಸ್ಥೆಯನ್ನು ಕಟ್ಟಿದರು. ದುಡಿಯುವ ಜನರ ಸಂಕೇತಗಳಾದ ಸುತ್ತಿಗೆ ಮತ್ತು ಕುಡುಗೋಲುಗಳನ್ನು ಅದರ ಲಾಂಛನವಾಗಿ ಇರಿಸಿಕೊಂಡರು. ಆ ಲಾಂಛನವನ್ನು ಕಂಡು ಅವರನ್ನು ಸಮತಾವಾದಿಯೆಂದು ಬಗೆದವರುಂಟು. ಆದರೆ ಅದರ ಜೊತೆಯಲ್ಲಿ ದೈವೇಚ್ಛೆಯನ್ನು ಕುರಿತ ಉರ್ದು ದ್ವಿಪದಿಯೊಂದು ಕೇಳಿಬರುತ್ತಿತ್ತು. ದುಡಿಮೆಯಲ್ಲಿ ಶ್ರದ್ಧೆ, ದೈವದಲ್ಲಿ ನಂಬಿಕೆ — ಇವೆರಡೂ ಅವರಲ್ಲಿ ಬೇರೆ ಬೇರೆಯಾಗಿರಲಿಲ್ಲ.

ಮೆಹಬೂಬರಿಗೆ ಪ್ರತಿಭೆಯನ್ನು ಗುರುತಿಸುವ ಕಣ್ಣಿತ್ತು. ತಾವು ಹೆಸರಿಲ್ಲದವರೆಂಬ ಕಾರಣದಿಂದ ಅವಕಾಶ ಕಳೆದುಕೊಂಡಿದ್ದ ಅವರು, ಹೊಸಬರಿಗೆ ಅವಕಾಶ ಕೊಡಲು ಎಂದೂ ಹಿಂಜರಿಯಲಿಲ್ಲ. 1943ರ ‘ತಕ್ದೀರ್’ ಚಿತ್ರದಲ್ಲಿ ಹದಿನಾಲ್ಕರ ಆಸುಪಾಸಿನ ಬಾಲೆಯೊಬ್ಬಳನ್ನು ಅವರು ನಾಯಕಿಯನ್ನಾಗಿ ಮಾಡಿದರು. ಆಕೆಯೇ ಮುಂದೆ ಭಾರತದಾದ್ಯಂತ ಮನೆಮಾತಾದ ನರ್ಗಿಸ್. ಸಂಗೀತ ನಿರ್ದೇಶಕ ನೌಷಾದ್, ಛಾಯಾಗ್ರಾಹಕ ಫರೇದೂನ್ ಇರಾನಿ ಮೊದಲಾದವರು ಮೆಹಬೂಬರೊಡನೆ ವರ್ಷಗಟ್ಟಲೆ ದುಡಿದರು. 1946ರ ‘ಅನ್‌ಮೋಲ್ ಘಡಿ’ಯ ಹಾಡುಗಳು ಊರೂರುಗಳಲ್ಲಿ ಮೊಳಗಿದವು. 1949ರ ‘ಅಂದಾಜ್’ ಚಿತ್ರದಲ್ಲಿ ದಿಲೀಪ್ ಕುಮಾರ್ ಮತ್ತು ರಾಜ್ ಕಪೂರ್ ಜೊತೆಯಾಗಿ ಅಭಿನಯಿಸಿದರು. ಅವರಿಬ್ಬರೂ ಒಂದೇ ಚಿತ್ರದಲ್ಲಿ ಕಾಣಿಸಿಕೊಂಡುದು ಅದೊಂದೇ ಬಾರಿ. 1952ರಲ್ಲಿ ವರ್ಣಮಯವಾದ ‘ಆನ್’ ಚಿತ್ರ ಸಮುದ್ರ ದಾಟಿ ಲಂಡನ್ನಿನಲ್ಲಿಯೂ ಪ್ರದರ್ಶಿತವಾಯಿತು. 1954ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಮೆಹಬೂಬ್ ಸ್ಟುಡಿಯೋ ತಲೆಯೆತ್ತಿ ನಿಂತಿತು. ಲಾಯದ ಹುಡುಗನು ಸ್ವಂತ ಚಿತ್ರಾಲಯದ ಒಡೆಯನಾದನು.

ಆದರೂ ಅವರ ಮನಸ್ಸಿಗೆ ತೃಪ್ತಿಯಿರಲಿಲ್ಲ. ‘ಔರತ್’ ಚಿತ್ರದ ಆ ತಾಯಿ ಅವರನ್ನು ಕಾಡುತ್ತಲೇ ಇದ್ದಳು. ಆ ಚಿತ್ರವನ್ನು ತೆಗೆದಾಗ ದೇಶ ಪರತಂತ್ರವಾಗಿತ್ತು. ಅವರ ಕೈಯಲ್ಲಿದ್ದ ಸಾಧನಗಳೂ ಮಿತವಾಗಿದ್ದವು. ಈಗ ದೇಶ ಸ್ವತಂತ್ರವಾಗಿತ್ತು. ಅಣೆಕಟ್ಟುಗಳು ಏಳುತ್ತಿದ್ದವು, ಒಣಭೂಮಿಗೆ ಕಾಲುವೆಯ ನೀರು ಹರಿಯುವ ಕನಸು ನನಸಾಗುತ್ತಿತ್ತು. ಆ ನೀರಿನ ಹಿಂದೆ ಎಷ್ಟು ತಾಯಂದಿರ ಕಣ್ಣೀರಿದೆ, ಬೆವರಿದೆ ಎಂಬುದನ್ನು ಜನರಿಗೆ ನೆನಪಿಸಬೇಕೆಂದು ಮೆಹಬೂಬರಿಗೆ ಅನಿಸಿತು. ಒಮ್ಮೆ ಹೇಳಿದ ಕಥೆಯನ್ನು ಇನ್ನೂ ವಿಶಾಲವಾದ ಭಿತ್ತಿಯ ಮೇಲೆ, ವರ್ಣಗಳಲ್ಲಿ, ಮತ್ತೊಮ್ಮೆ ಹೇಳಲು ಅವರು ನಿರ್ಧರಿಸಿದರು. ‘ಆನ್’ ಚಿತ್ರದ ನಂತರ ಬಂದ ‘ಅಮರ್’ ಹಣಗಳಿಕೆಯಲ್ಲಿ ಸೋತಿತ್ತು. ಅಂತಹ ಹೊತ್ತಿನಲ್ಲಿ, ಹಿಂದೆಯೇ ಜನ ನೋಡಿದ್ದ ಕಥೆಗಾಗಿ ತಮ್ಮ ಸರ್ವಸ್ವವನ್ನೂ ಪಣವಾಗಿಡುವುದು ಸಾಮಾನ್ಯ ಧೈರ್ಯದ ಮಾತಲ್ಲ.

ಹೊಸ ಚಿತ್ರಕ್ಕೆ ಅವರು ಇಟ್ಟ ಹೆಸರು ‘ಮದರ್ ಇಂಡಿಯಾ’. ಈ ಹೆಸರೇ ಒಂದು ತೊಡಕನ್ನು ತಂದಿತು. 1927ರಲ್ಲಿ ಕ್ಯಾಥರೀನ್ ಮೇಯೋ ಎಂಬ ಅಮೆರಿಕದ ಲೇಖಕಿ ಇದೇ ಹೆಸರಿನ ಗ್ರಂಥವೊಂದನ್ನು ಬರೆದು, ಭಾರತೀಯರ ನಡೆನುಡಿಗಳನ್ನು ಹೀನಾಯವಾಗಿ ಚಿತ್ರಿಸಿದ್ದಳು. ಗಾಂಧೀಜಿಯವರೂ ಆ ಗ್ರಂಥವನ್ನು ಕಟುವಾಗಿ ಟೀಕಿಸಿದ್ದರು. 1955ರಲ್ಲಿ ಚಿತ್ರದ ಹೆಸರು ಕಿವಿಗೆ ಬಿದ್ದೊಡನೆ ಕೇಂದ್ರ ಸರ್ಕಾರದ ಅಧಿಕಾರಿಗಳಿಗೆ ಸಂಶಯ ಉಂಟಾಯಿತು. ಕಥೆಯ ಪ್ರತಿಯನ್ನು ಒಪ್ಪಿಸುವಂತೆ ಅವರು ಕೇಳಿದರು. ಮೆಹಬೂಬರು ಚಿತ್ರಕಥೆಯನ್ನೂ ವಿವರವಾದ ಪತ್ರವನ್ನೂ ಕಳುಹಿಸಿ, ತಮ್ಮ ಚಿತ್ರಕ್ಕೂ ಆ ಗ್ರಂಥಕ್ಕೂ ಯಾವ ಸಂಬಂಧವೂ ಇಲ್ಲವೆಂದೂ, ಅದು ಅಳಿಸಿದ ಗೌರವವನ್ನು ಮರಳಿ ಬರೆಯುವುದೇ ತಮ್ಮ ಉದ್ದೇಶವೆಂದೂ ತಿಳಿಯಪಡಿಸಿದರು. ಭಾರತಮಾತೆಯನ್ನು ನಿಂದಿಸಲು ಬಳಕೆಯಾದ ಹೆಸರನ್ನೇ ಅವಳ ಮಹಿಮೆಯ ಹೆಸರಾಗಿ ಮಾರ್ಪಡಿಸುವ ಹಟ ಅವರದಾಗಿತ್ತು.

ಪಾತ್ರಧಾರಿಗಳ ಆಯ್ಕೆಯಲ್ಲಿ ಕನ್ನಡನಾಡಿಗೆ ಸಂಬಂಧಿಸಿದ ಸಂಗತಿಯೊಂದಿದೆ. ತಾಯಿಯ ಒರಟು ಮಗನಾದ ಬಿರ್ಜುವಿನ ಪಾತ್ರಕ್ಕೆ ಮೆಹಬೂಬರು ಮೊದಲು ಆರಿಸಿದ್ದುದು ಸಾಬು ಅವರನ್ನು. ಮೈಸೂರಿನ ಸಮೀಪದ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿ, 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ಪ್ರಸಿದ್ಧನಾದ ಸಾಬು ಆಗ ಅಮೆರಿಕದಲ್ಲಿ ನೆಲೆಸಿದ್ದರು. ಅವರು ಒಪ್ಪಂದಕ್ಕೆ ಸಹಿ ಹಾಕಿ ಭಾರತಕ್ಕೂ ಬಂದರು. ಆದರೆ ಕೆಲಸ ತಡವಾಗುತ್ತ ಹೋಗಿ, ಏರ್ಪಾಡು ಮುರಿದುಬಿತ್ತು. ಹೀಗೆ ಒಂದು ಚಿರಸ್ಮರಣೀಯ ಪಾತ್ರ ಕಾರಾಪುರದ ಮಾವುತನ ಮಗನ ಕೈತಪ್ಪಿ, ರೇಡಿಯೋ ಸಿಲೋನಿನಲ್ಲಿ ಉದ್ಘೋಷಕರಾಗಿದ್ದು ಆಗತಾನೇ ಚಿತ್ರರಂಗಕ್ಕೆ ಬಂದಿದ್ದ ಸುನೀಲ್ ದತ್ ಅವರಿಗೆ ಒದಗಿತು. ತಾಯಿ ರಾಧೆಯ ಪಾತ್ರವನ್ನು ನರ್ಗಿಸ್ ವಹಿಸಿಕೊಂಡರು. ಆಕೆಯೂ ಮಗನ ಪಾತ್ರದ ಸುನೀಲ್ ದತ್ತರೂ ಹುಟ್ಟಿದುದು 1929ರ ಜೂನ್ ತಿಂಗಳಿನಲ್ಲಿ. ವಯಸ್ಸಿನ ಅಂತರ ಐದೇ ದಿನ! ನವವಧುವಿನಿಂದ ಹಣ್ಣು ಮುದುಕಿಯವರೆಗೆ ಒಂದು ಇಡೀ ಬಾಳನ್ನು ಆ ಇಪ್ಪತ್ತೇಳು ಇಪ್ಪತ್ತೆಂಟರ ತರುಣಿ ತನ್ನ ಮುಖದ ಮೇಲೆ ಮೂಡಿಸಬೇಕಾಗಿತ್ತು. ಸಾಲಗಾರ ಸುಖೀಲಾಲನಾಗಿ ‘ಔರತ್’ ಚಿತ್ರದಲ್ಲಿ ಅಭಿನಯಿಸಿದ್ದ ಕನ್ಹಯ್ಯಾಲಾಲರೇ ಹದಿನೇಳು ವರ್ಷಗಳ ನಂತರ ಅದೇ ಪಾತ್ರವನ್ನು ಮತ್ತೆ ಧರಿಸಿದರು. ಬಿರ್ಜುವಿನ ಬಾಲ್ಯದ ಪಾತ್ರಕ್ಕೆ ಮುಂಬಯಿಯ ಬಡಕುಟುಂಬದ ಸಾಜಿದ್ ಎಂಬ ಹುಡುಗನನ್ನು ಆರಿಸಿದ ಮೆಹಬೂಬರು ಮುಂದೆ ಅವನನ್ನು ತಮ್ಮ ದತ್ತುಮಗನಾಗಿಯೇ ಸ್ವೀಕರಿಸಿದರು.

ಚಿತ್ರದ ಕಥೆ ನಮ್ಮ ಹಳ್ಳಿಗಳಲ್ಲಿ ಯಾರೂ ಅರಿಯದ ಕಥೆಯೇನಲ್ಲ. ರಾಧೆಯ ಮದುವೆಗಾಗಿ ಅತ್ತೆ ಸುಖೀಲಾಲನಿಂದ ಐನೂರು ರೂಪಾಯಿ ಸಾಲ ಪಡೆದಿದ್ದಳು. ಓದು ಬಾರದ ಆಕೆಯಿಂದ ಹೆಬ್ಬೆಟ್ಟಿನ ಗುರುತು ಹಾಕಿಸಿಕೊಂಡ ಪತ್ರದ ಬಲದಿಂದ, ಬೆಳೆಯ ಮುಕ್ಕಾಲು ಪಾಲು ಬಡ್ಡಿಗೇ ಸಲ್ಲುವಂತಾಗುತ್ತದೆ. ಕಲ್ಲುಭೂಮಿಯನ್ನು ಹಸನು ಮಾಡಲು ಹೋಗಿ, ಬಂಡೆಯ ಕೆಳಗೆ ಸಿಕ್ಕಿ ಗಂಡ ಶಾಮು ಎರಡು ಕೈಗಳನ್ನೂ ಕಳೆದುಕೊಳ್ಳುತ್ತಾನೆ. ಹೆಂಡತಿ ಮಕ್ಕಳಿಗೆ ತಾನು ಹೊರೆಯಾದೆನೆಂಬ ಅಳಲಿನಿಂದ ಮನೆಬಿಟ್ಟು ಹೋಗುತ್ತಾನೆ. ಪ್ರವಾಹ ಬಂದು ಬೆಳೆಯನ್ನೂ ಮಗುವನ್ನೂ ಒಯ್ಯುತ್ತದೆ. ಊರಿನ ಜನ ಗುಳೆ ಹೊರಟಾಗ ರಾಧೆ ಅವರನ್ನು ತಡೆದು ಮತ್ತೆ ನೇಗಿಲು ಹಿಡಿಯುವಂತೆ ಮಾಡುತ್ತಾಳೆ. ಎತ್ತುಗಳಿಲ್ಲದಿದ್ದಾಗ ತಾನೇ ನೊಗಕ್ಕೆ ಹೆಗಲು ಕೊಡುತ್ತಾಳೆ. ಕೊನೆಗೆ ಪ್ರೀತಿಯ ಮಗ ಬಿರ್ಜು ಡಕಾಯಿತನಾಗಿ, ಸಾಲಗಾರನನ್ನು ಕೊಂದು, ಅವನ ಮಗಳನ್ನು ಮದುವೆಯ ದಿನವೇ ಹೊತ್ತೊಯ್ಯಲು ಬಂದಾಗ, ಊರಿನ ಹೆಣ್ಣಿನ ಮಾನವನ್ನು ಕಾಪಾಡಲು ಆ ತಾಯಿ ತನ್ನ ಮಗನ ಮೇಲೆಯೇ ಗುಂಡು ಹಾರಿಸುತ್ತಾಳೆ. ಮಾತೃವಾತ್ಸಲ್ಯಕ್ಕೂ ಧರ್ಮಕ್ಕೂ ನಡುವೆ ಎದ್ದ ಈ ಸಂಕಟವೇ ಚಿತ್ರದ ಹೃದಯ.

ಈ ದೃಶ್ಯಗಳನ್ನು ಬಣ್ಣ ಬಳಿದ ಹಲಗೆಗಳ ಮುಂದೆ ತೆಗೆದು ಮುಗಿಸಲು ಮೆಹಬೂಬರು ಒಪ್ಪಲಿಲ್ಲ. 1955ರಲ್ಲಿ ಉತ್ತರ ಪ್ರದೇಶದಲ್ಲಿ ಪ್ರವಾಹ ಬಂದಾಗ ಅವರ ಛಾಯಾಗ್ರಾಹಕರು ಅಲ್ಲಿಗೇ ಹೋಗಿ ಚಿತ್ರೀಕರಿಸಿದರು. ಚಿತ್ರದ ಬಹುಭಾಗ ಮಹಾರಾಷ್ಟ್ರ ಮತ್ತು ಗುಜರಾತಿನ ನಿಜವಾದ ಹೊಲಗದ್ದೆಗಳಲ್ಲಿ, ನಿಜವಾದ ರೈತರ ನಡುವೆ ರೂಪುಗೊಂಡಿತು. ಗುಳೆ ಹೋಗುವ ದೃಶ್ಯದಲ್ಲಿ ನೂರಾರು ಎತ್ತಿನ ಗಾಡಿಗಳು ಸಾಲಾಗಿ ಸಾಗುತ್ತವೆ. ಸುಗ್ಗಿಯ ಹಾಡಿನ ಕೊನೆಯಲ್ಲಿ, ದುಡಿದ ಜನರೆಲ್ಲ ಸೇರಿ ನಿಂತಾಗ ಅಖಂಡ ಭಾರತದ ಭೂಪಟವೇ ನೆಲದ ಮೇಲೆ ಮೂಡಿಬರುತ್ತದೆ.

ಸೂರತ್ತಿನ ಬಳಿಯ ಉಮ್ರಾ ಗ್ರಾಮದಲ್ಲಿ ಹುಲ್ಲಿನ ಬಣವೆಗಳಿಗೆ ಬೆಂಕಿ ಬೀಳುವ ದೃಶ್ಯವನ್ನು ಚಿತ್ರಿಸುತ್ತಿದ್ದಾಗ ಗಾಳಿ ದಿಕ್ಕು ಬದಲಿಸಿತು. ಉರಿ ನರ್ಗಿಸರನ್ನು ನಾಲ್ಕೂ ಕಡೆಯಿಂದ ಮುತ್ತಿತು. ನೋಡುತ್ತಿದ್ದವರು ದಿಙ್ಮೂಢರಾಗಿ ನಿಂತಾಗ ಸುನೀಲ್ ದತ್ ಕಂಬಳಿ ಹೊದ್ದು ಬೆಂಕಿಯೊಳಗೆ ನುಗ್ಗಿ ಆಕೆಯನ್ನು ಹೊರಗೆ ತಂದರು. ಅವರ ಮುಖ, ಎದೆಗಳ ಮೇಲೆ ಸುಟ್ಟ ಗಾಯಗಳಾದವು. ತೆರೆಯ ಮೇಲೆ ತಾಯಿ ಮಕ್ಕಳಾಗಿದ್ದ ಈ ಇಬ್ಬರು 1958ರ ಮಾರ್ಚ್ 11ರಂದು ಸತಿಪತಿಗಳಾದರು.

1957ನೆಯ ಅಕ್ಟೋಬರ್ 25ರಂದು ‘ಮದರ್ ಇಂಡಿಯಾ’ ಬಿಡುಗಡೆಯಾಯಿತು. ಅದಕ್ಕೆ ಮುಂಚೆಯೇ ರಾಷ್ಟ್ರಪತಿ ರಾಜೇಂದ್ರ ಪ್ರಸಾದರೂ ಪ್ರಧಾನಿ ನೆಹರೂ ಅವರೂ ಚಿತ್ರವನ್ನು ವಿಶೇಷ ಪ್ರದರ್ಶನದಲ್ಲಿ ನೋಡಿದ್ದರು. ನಗರದ ವಿದ್ಯಾವಂತರೂ ಹಳ್ಳಿಯ ನಿರಕ್ಷರಿಗಳೂ ಒಂದೇ ಬಗೆಯಲ್ಲಿ ಆ ಚಿತ್ರಕ್ಕೆ ಕಣ್ಣೀರು ಮಿಡಿದರು. ಆದರೆ ಆ ವರ್ಷದ ಅತ್ಯುನ್ನತ ರಾಷ್ಟ್ರಪ್ರಶಸ್ತಿಯಾದ ರಾಷ್ಟ್ರಪತಿಗಳ ಸ್ವರ್ಣಪದಕ ವಿ. ಶಾಂತಾರಾಮರ ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕೆ ಸಂದಿತು. ಅದೂ ಶ್ರೇಷ್ಠವಾದ ಚಿತ್ರವೇ. ‘ಮದರ್ ಇಂಡಿಯಾ’ಕ್ಕೆ ದೊರೆತುದು ಅರ್ಹತಾಪತ್ರ. ಫಿಲಂಫೇರ್ ಪ್ರಶಸ್ತಿಗಳಲ್ಲಿ ಮಾತ್ರ ಶ್ರೇಷ್ಠ ಚಿತ್ರ, ಶ್ರೇಷ್ಠ ನಿರ್ದೇಶನ, ಶ್ರೇಷ್ಠ ನಟಿ ಮೊದಲಾದ ಗೌರವಗಳು ಅದಕ್ಕೆ ಒಲಿದು ಬಂದವು.

ಅಮೆರಿಕದ ಚಲನಚಿತ್ರ ಅಕಾಡೆಮಿಯು ಪ್ರತಿವರ್ಷ ನೀಡುವ ಪ್ರಶಸ್ತಿಗೆ ಆಸ್ಕರ್ ಎಂಬ ಹೆಸರಿದೆ. ಚಿತ್ರಪ್ರಪಂಚದಲ್ಲಿ ಅದಕ್ಕಿಂತ ಹೆಸರುವಾಸಿಯಾದ ಪ್ರಶಸ್ತಿ ಮತ್ತೊಂದಿಲ್ಲ. ಇಂಗ್ಲಿಷೇತರ ಭಾಷೆಗಳ ವಿದೇಶೀ ಚಿತ್ರಗಳಿಗಾಗಿ ಅದರಲ್ಲಿ ಪ್ರತ್ಯೇಕ ಸ್ಪರ್ಧೆಯೊಂದು ಆಗತಾನೇ ಆರಂಭವಾಗಿತ್ತು. ಆ ಸ್ಪರ್ಧೆಗೆ ಭಾರತ ಕಳುಹಿಸಿದ ಮೊಟ್ಟಮೊದಲ ಚಿತ್ರ ‘ಮದರ್ ಇಂಡಿಯಾ’. ಸುಮಾರು ಮೂರು ಗಂಟೆಗಳ ಚಿತ್ರವನ್ನು ಎರಡು ಗಂಟೆಗಳಿಗೆ ಇಳಿಸಿ, ಇಂಗ್ಲಿಷ್ ಅಡಿಬರಹಗಳನ್ನು ಸೇರಿಸಲಾಯಿತು. ಆ ದಿನಗಳಲ್ಲಿ ಅಮೆರಿಕಕ್ಕೂ ಸೋವಿಯತ್ ದೇಶಕ್ಕೂ ಶೀತಲಸಮರ ನಡೆದಿತ್ತು. ಸುತ್ತಿಗೆ ಕುಡುಗೋಲುಗಳ ಚಿಹ್ನೆ ಅಲ್ಲಿಯವರ ಕಣ್ಣಿಗೆ ಒಗ್ಗಲಾರದೆಂದು ಆ ಲಾಂಛನವನ್ನೂ ತೆಗೆಯಬೇಕಾಯಿತು. ಹೀಗೆ ರಾಧೆಯ ಕಥೆ ಮೊಟಕುಗೊಂಡ ರೂಪದಲ್ಲಿ ಸಾಗರದಾಚೆಗೆ ಪಯಣ ಬೆಳೆಸಿತು.

ಕೊನೆಯ ಸುತ್ತಿಗೆ ಐದು ದೇಶಗಳ ಐದು ಚಿತ್ರಗಳು ಆಯ್ಕೆಯಾದವು: ಇಟಲಿ, ಫ್ರಾನ್ಸ್, ಪಶ್ಚಿಮ ಜರ್ಮನಿ, ನಾರ್ವೆ ಮತ್ತು ಭಾರತ. ಸ್ವಾತಂತ್ರ್ಯ ಪಡೆದು ಆಗಿನ್ನೂ ಹತ್ತು ವರ್ಷ ಕಳೆದಿದ್ದ ದೇಶವೊಂದರ ಚಿತ್ರ ಆ ಸಾಲಿನಲ್ಲಿ ನಿಂತುದೇ ಹೆಮ್ಮೆಯ ವಿಷಯವಾಗಿತ್ತು. 1958ರ ಮಾರ್ಚ್ 26ರ ರಾತ್ರಿ ಹಾಲಿವುಡ್ಡಿನ ಪ್ಯಾಂಟೇಜಸ್ ರಂಗಮಂದಿರದಲ್ಲಿ ಫಲಿತಾಂಶ ಹೊರಬಿತ್ತು. ಪ್ರಶಸ್ತಿ ಇಟಲಿಯ ಫೆಡರಿಕೊ ಫೆಲಿನಿಯವರ ‘ನೈಟ್ಸ್ ಆಫ್ ಕಬೀರಿಯಾ’ ಚಿತ್ರದ ಪಾಲಾಯಿತು. ಹಿಂದಿನ ವರ್ಷವೂ ಆ ಪ್ರಶಸ್ತಿಯನ್ನು ಗೆದ್ದುದು ಅದೇ ಫೆಲಿನಿಯವರ ‘ಲಾ ಸ್ಟ್ರಾಡಾ’. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಗಾದೆಯ ಮಾತು ಮೆಹಬೂಬರ ಪಾಲಿಗೆ ಮತ್ತೊಮ್ಮೆ ನಿಜವಾಯಿತು.

‘ಮದರ್ ಇಂಡಿಯಾ’ ಒಂದೇ ಒಂದು ಮತದಿಂದ ಸೋತಿತೆಂಬ ಮಾತು ನಮ್ಮ ಚಿತ್ರರಂಗದಲ್ಲಿ ಅಂದಿನಿಂದ ಇಂದಿನವರೆಗೂ ಪ್ರಚಲಿತವಾಗಿದೆ. ಅದನ್ನು ಎಷ್ಟೋ ಮಂದಿ ಬರೆದಿದ್ದಾರೆ, ಎಷ್ಟೋ ಮಂದಿ ನಂಬಿದ್ದಾರೆ. ಆದರೆ ಆ ಅಕಾಡೆಮಿಯು ಮತಗಳ ಎಣಿಕೆಯನ್ನು ಹೊರಗೆ ತಿಳಿಸುವುದಿಲ್ಲ. ಆದುದರಿಂದ ಅಂತರ ಒಂದೇ ಮತವಾಗಿತ್ತೋ ಹತ್ತು ಮತಗಳಾಗಿತ್ತೋ ಎಂಬುದನ್ನು ಸಿದ್ಧಪಡಿಸಲು ಆಧಾರವಿಲ್ಲ. ಪ್ರಿಯವಾದ ಮಾತೆಲ್ಲವೂ ಪ್ರಮಾಣವಾಗಲಾರದು. ಆದರೂ ಈ ಮಾತು ಇಷ್ಟು ಕಾಲ ಬಾಳಿದುದಕ್ಕೆ ಕಾರಣವಿದೆ. ತಮ್ಮ ತಾಯಿಯ ಕಥೆ ಸೋತಿತೆಂಬುದನ್ನು ಜನರ ಮನಸ್ಸು ಒಪ್ಪಲಿಲ್ಲ. ಸೋಲನ್ನು ಸಾಧ್ಯವಾದಷ್ಟು ಚಿಕ್ಕದು ಮಾಡಿ, ಒಂದು ಮತಕ್ಕೆ ಇಳಿಸಿ, ಆ ಚಿತ್ರವನ್ನು ಅವರು ಎದೆಗೆ ಅಪ್ಪಿಕೊಂಡರು.

ಗೆದ್ದ ಚಿತ್ರದ ವಿಷಯದಲ್ಲಿಯೂ ನಾವು ನ್ಯಾಯವಾಗಿ ನಡೆದುಕೊಳ್ಳಬೇಕು. ಫೆಲಿನಿಯವರ ಕಬೀರಿಯಾ ರೋಮ್ ನಗರದ ಬೀದಿಗಳಲ್ಲಿ ಅಲೆಯುವ, ಸಮಾಜದಿಂದ ತಿರಸ್ಕೃತಳಾದ ಬಡ ಹೆಣ್ಣು. ನಂಬಿದವರೆಲ್ಲರೂ ಅವಳಿಗೆ ಮೋಸ ಮಾಡುತ್ತಾರೆ. ಸರ್ವಸ್ವವನ್ನೂ ಕಳೆದುಕೊಂಡ ಮೇಲೆಯೂ ಅವಳ ಕಣ್ಣೀರಿನ ನಡುವೆ ಒಂದು ಮುಗುಳ್ನಗೆ ಮೂಡುತ್ತದೆ. ಆ ಪಾತ್ರವನ್ನು ಜೂಲಿಯೆಟ್ಟಾ ಮಸೀನಾ ಅದ್ಭುತವಾಗಿ ಅಭಿನಯಿಸಿದ್ದರು. ಒಬ್ಬಳು ಇಟಲಿಯ ನಗರದವಳು, ಇನ್ನೊಬ್ಬಳು ಭಾರತದ ಹಳ್ಳಿಯವಳು. ಆದರೆ ವಿಧಿ ಎಷ್ಟು ತುಳಿದರೂ ಮತ್ತೆ ತಲೆಯೆತ್ತುವ ಗುಣದಲ್ಲಿ ಇಬ್ಬರೂ ಅಕ್ಕತಂಗಿಯರು. ಅಂದು ಸ್ಪರ್ಧೆಗಿಳಿದುದು ಇಂತಹ ಎರಡು ಶ್ರೇಷ್ಠ ಕೃತಿಗಳು. ಕಿರೀಟ ಒಂದೇ ಇತ್ತು. ಅಯೋಗ್ಯನೆದುರು ಸೋತರೆ ಕಹಿ ಉಳಿಯುತ್ತದೆ. ಯೋಗ್ಯನೆದುರು ಸೋತವನ ಗೌರವಕ್ಕೆ ಕುಂದು ಬಾರದು.

ಅದೇ ವರ್ಷ ಯೂರೋಪಿನ ಕಾರ್ಲೊವಿ ವಾರಿ ಚಿತ್ರೋತ್ಸವದಲ್ಲಿ ನರ್ಗಿಸರಿಗೆ ಶ್ರೇಷ್ಠ ನಟಿಯೆಂಬ ಪ್ರಶಸ್ತಿ ದೊರೆಯಿತು. ಭಾರತ ಸರ್ಕಾರವೂ ಆಕೆಗೆ ಪದ್ಮಶ್ರೀ ನೀಡಿ ಗೌರವಿಸಿತು. ಇತ್ತ ‘ಮದರ್ ಇಂಡಿಯಾ’ ಯಾವ ತೀರ್ಪುಗಾರರ ಅಪ್ಪಣೆಯನ್ನೂ ಕಾಯದೆ ದೇಶದೇಶಗಳನ್ನು ಸುತ್ತಿತು. ಸೋವಿಯತ್ ದೇಶ, ಗ್ರೀಸ್, ಅರಬ್ ನಾಡುಗಳು, ದೂರದ ನೈಜೀರಿಯಾ — ಹಿಂದಿಯ ಒಂದು ಪದವನ್ನೂ ಅರಿಯದ ಜನರು ರಾಧೆಯಲ್ಲಿ ತಮ್ಮ ತಾಯಿಯನ್ನು ಕಂಡರು. ಸಾಲ, ಬರಗಾಲ, ಹಸಿವುಗಳ ಭಾಷೆ ಎಲ್ಲ ದೇಶಗಳಲ್ಲಿಯೂ ಒಂದೇ ತಾನೆ?

ಸೋಲಿನ ನಂತರ ಮೆಹಬೂಬರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. 1961ರಲ್ಲಿ ಮಾಸ್ಕೋ ಅಂತರರಾಷ್ಟ್ರೀಯ ಚಿತ್ರೋತ್ಸವದ ತೀರ್ಪುಗಾರರ ಮಂಡಳಿಯಲ್ಲಿ ಅವರು ಸದಸ್ಯರಾದರು. ತೀರ್ಪಿಗಾಗಿ ಕಾದು ನಿಂತಿದ್ದವರು ಮೂರೇ ವರ್ಷಗಳಲ್ಲಿ ತೀರ್ಪು ಕೊಡುವ ಪೀಠವನ್ನೇರಿದರು. ಸಾಜಿದನನ್ನು ಮುಖ್ಯ ಪಾತ್ರದಲ್ಲಿರಿಸಿ ಅವರು ನಿರ್ಮಿಸಿದ ‘ಸನ್ ಆಫ್ ಇಂಡಿಯಾ’ 1962ರಲ್ಲಿ ತೆರೆಕಂಡಿತು. ಆದರೆ ಜನ ಅದನ್ನು ಮೆಚ್ಚಲಿಲ್ಲ. ತಾಯಿಯ ಕಥೆಗೆ ಒಲಿದ ಜನ ಮಗನ ಕಥೆಗೆ ಒಲಿಯಲಿಲ್ಲ. 1963ರಲ್ಲಿ ಭಾರತ ಸರ್ಕಾರ ಮೆಹಬೂಬರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ಕಾಶ್ಮೀರದ ಕವಯಿತ್ರಿ ಹಬ್ಬಾ ಖಾತೂನಳ ಜೀವನವನ್ನು ತೆರೆಗೆ ತರಬೇಕೆಂಬ ಅವರ ಹಂಬಲ ಮಾತ್ರ ಈಡೇರಲಿಲ್ಲ.

1964ನೆಯ ಮೇ 27ರಂದು ನೆಹರೂ ಅವರು ಕಾಲವಾದರು. ಹೊಸ ಭಾರತದ ಅಣೆಕಟ್ಟುಗಳನ್ನು ಕಟ್ಟಿಸಿದ ನಾಯಕ ಅವರು; ಆ ಅಣೆಕಟ್ಟಿನ ನೀರಿನಲ್ಲಿ ರೈತ ತಾಯಿಯ ತ್ಯಾಗವನ್ನು ಕಾಣಿಸಿದ ಕಲಾವಿದರು ಮೆಹಬೂಬ್. ಇಡೀ ದೇಶ ಶೋಕದಲ್ಲಿ ಮುಳುಗಿದ್ದಾಗ, ಮರುದಿನವೇ, ಮೇ 28ರಂದು, ಹೃದಯಾಘಾತದಿಂದ ಮೆಹಬೂಬರೂ ಕಣ್ಮುಚ್ಚಿದರು. ಆಗ ಅವರಿಗೆ ಐವತ್ತಾರು ವರ್ಷ. 2007ರಲ್ಲಿ ಅವರ ಜನ್ಮಶತಮಾನೋತ್ಸವದ ವರ್ಷ ಭಾರತೀಯ ಅಂಚೆ ಇಲಾಖೆ ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರತಂದಿತು.

‘ಮದರ್ ಇಂಡಿಯಾ’ದ ನಂತರ 1988ರ ‘ಸಲಾಂ ಬಾಂಬೆ’ ಮತ್ತು 2001ರ ‘ಲಗಾನ್’ ಚಿತ್ರಗಳು ಆಸ್ಕರ್ ಸ್ಪರ್ಧೆಯ ಅದೇ ಕೊನೆಯ ಸುತ್ತನ್ನು ಮುಟ್ಟಿದವು; ಅವುಗಳಿಗೂ ಪ್ರಶಸ್ತಿ ದೊರೆಯಲಿಲ್ಲ. ಆ ಹಾದಿಯಲ್ಲಿ ಮೊದಲ ಹೆಜ್ಜೆಯ ಗುರುತು ಮೂಡಿಸಿದವರು ಮೆಹಬೂಬರು. ‘ಆಲಂ ಆರಾ’ದ ನಾಯಕಪಾತ್ರ ಅವರಿಗೆ ದೊರೆತಿದ್ದರೆ ನಮಗೆ ಒಬ್ಬ ನಟ ಸಿಗುತ್ತಿದ್ದರು, ನಿರ್ದೇಶಕ ಸಿಗುತ್ತಿದ್ದರೋ ಇಲ್ಲವೋ ಹೇಳಲಾಗದು. ಕೈತಪ್ಪಿದ ಪಾತ್ರ ಅವರನ್ನು ಬೇರೊಂದು ದಾರಿಗೆ ತಿರುಗಿಸಿತು. ಕೈತಪ್ಪಿದ ಕಿರೀಟವಂತೂ ಅವರ ಚಿತ್ರದ ಬೆಲೆಯನ್ನು ಒಂದು ಎಳ್ಳಿನಷ್ಟೂ ತಗ್ಗಿಸಲಿಲ್ಲ. ಪ್ರವಾಹದಲ್ಲಿ ಬೆಳೆ ಕೊಚ್ಚಿಹೋದ ಮೇಲೆ ರಾಧೆ ಮಾಡಿದುದೇನು? ಕೆಸರಿನಲ್ಲಿ ಇಳಿದು ಮತ್ತೆ ನೆಲವನ್ನು ಉತ್ತಳು. ಬಿಲಿಮೋರಾದ ಬಡ ಹುಡುಗನೂ ಬಾಳಿನುದ್ದಕ್ಕೂ ಮಾಡಿದುದು ಅದನ್ನೇ.